ಹಳದಿ ಚುಕ್ಕೆಯ ಪ್ಲೇಟು

ನಮ್ಮ ಯಜಮಾನರು ನನ್ನ ಮುಖವನ್ನೇ ನೋಡುತ್ತ ಕೂರಲು ಶುರು ಮಾಡಿದಾಗಲೇ ನನಗೆ ಅನುಮಾನ ಬಂತು.

ನೀವೇ ಹೇಳಿ. ಅರವತ್ತು ದಾಟಿದ ಮನುಷ್ಯ. ಮದುವೆಯಾದ ಹೊಸದರಲ್ಲೂ ನನ್ನ ಕಡೆ ನೆಟ್ಟಗೆ ತಿರುಗಿ ನೋಡಿದವರಲ್ಲ. ನಾನು ಹೊಸ ಸೀರೆ ಉಟ್ಟು ಮುಂದೆ ನಿಂತರೂ ಕೈಯಲ್ಲಿದ್ದ ವೈರು, ಬಾಯಲ್ಲಿದ್ದ ಸ್ಕ್ರೂ ಬಿಟ್ಟು ತಲೆ ಎತ್ತಿದವರಲ್ಲ. ಅಂಥವರು ಈಗ ನಾನು ಬಾಯಿ ತೆರೆದರೆ ಸಾಕು, ಪೇಪರ್ ಕೆಳಗಿಟ್ಟು, ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು, ರೆಪ್ಪೆ ಮಿಟುಕಿಸದೆ ನೋಡುತ್ತಾರೆ. ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತು? ಒಳಗೊಳಗೇ ಏನೋ ತಪ್ಪು ಮಾಡಿದ ಗಂಡಸು ಹೆಂಡತಿಗೆ ಬೆಣ್ಣೆ ಹಚ್ಚುವ ಬಗೆ ಇದು ಅಂತ ನನಗೆ ಖಾತ್ರಿಯಾಯಿತು. ನಾನು ಶಂಕರಮ್ಮ. ಚನ್ನಗಿರಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ವಾಸನೆ ಬರುವುದು ನನಗೆ. ನನ್ನ ಮನೆಯದು ಬಾರದೆ ಇರುತ್ತದೆಯೇ?

ನಮ್ಮ ಯಜಮಾನರ ಹೆಸರು ಗುರುಸ್ವಾಮಿ. ಒಂದು ಕಾಲಕ್ಕೆ ಈ ತಾಲ್ಲೂಕಿನಲ್ಲಿ ಗುರುಸ್ವಾಮಿ ಮೈಕ್‌ಸೆಟ್ ಇಲ್ಲದೆ ಒಂದು ಮದುವೆಯೂ ನಡೆಯುತ್ತಿರಲಿಲ್ಲ. ಚಪ್ಪರದ ಪಕ್ಕದ ಮರಕ್ಕೆ ಹಾರ್ನ್ ಕಟ್ಟಿ, ಅದರ ಕೆಳಗೇ ಚಾಪೆ ಹಾಸಿಕೊಂಡು ಪ್ಲೇಟು ಹಾಕುತ್ತ ಕೂರುವುದು ಅವರ ಕಸುಬು. ಪ್ಲೇಟು ಅಂದರೆ ಹಾಡಿನ ರೆಕಾರ್ಡು. ಅದರ ನಡುವಿನ ಲೇಬಲ್ಲಿನಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ ಏನೇನೋ ಅಚ್ಚಾಗಿರುತ್ತದೆ. ಮದುವೆ ಮನೆಯ ಗದ್ದಲದಲ್ಲಿ ಅದನ್ನು ಓದುತ್ತ ಕೂತರೆ ಮುಹೂರ್ತವೇ ಮೀರಿ ಹೋಗುತ್ತದೆ. ಅದಕ್ಕೇ ನಮ್ಮ ಕಡೆಯ ಮೈಕ್‌ಸೆಟ್ಟಿನವರು ಲೇಬಲ್ಲಿಗೆ ಪೇಂಟಿನಲ್ಲಿ ಚುಕ್ಕೆ ಇಡುತ್ತಿದ್ದರು. ಗಂಡಿನ ಕಡೆಯವರು ಬಂದಿಳಿದಾಗ ಹಾಕುವ ಪ್ಲೇಟಿಗೆ ಹಸಿರು ಚುಕ್ಕೆ. ಬೀಗರೂಟಕ್ಕೆ ಕೆಂಪು. ಧಾರೆಗೆ ಹಳದಿ. ಹೆಣ್ಣು ಒಪ್ಪಿಸುವಾಗಿನ ಪ್ಲೇಟಿಗೆ ಬಿಳಿ. ಬಿಳಿ ಚುಕ್ಕೆಯ ಹಾಡು ಶುರುವಾಯಿತೆಂದರೆ ಅಡುಗೆಯವರೂ ಸೌಟು ಬಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಮದುವೆಯಲ್ಲಿ ಮದುಮಗನೇ ಮೈಕ್‌ಸೆಟ್ಟಿನವನಲ್ಲವೇ? ಪ್ಲೇಟು ಹಾಕುವ ಕೆಲಸವನ್ನು ಹೊನ್ನಾಳಿಯ ಸ್ನೇಹಿತನಿಗೆ ಒಪ್ಪಿಸಿ ಹಸೆಗೆ ಬಂದು ಕೂತಿದ್ದರು. ಕೂತವರು ನನ್ನ ಮುಖ ನೋಡಲಿಲ್ಲ, ಕತ್ತು ತಿರುಗಿಸಿ ಸೂಜಿ ಸರಿಯಾಗಿ ಬಿತ್ತೋ ಇಲ್ಲವೋ ಅಂತ ನೋಡುತ್ತಿದ್ದರು.

ಡಿಜೆ ಬಂತು, ಮರದ ಮೇಲಿನ ಹಾರ್ನ್ ಇಳಿಯಿತು, ಪ್ಲೇಟುಗಳು ಮನೆಯ ಬೀರು ಸೇರಿದವು. ಹೋದ ವರ್ಷ ನ್ಯಾಮತಿಯಲ್ಲಿ ಬೇಕರಿ ಇಟ್ಟಿರುವ ವಿನಯ್ ಕುಮಾರ್, ಅವರ ತಂದೆಯದೂ ಮೈಕ್‌ಸೆಟ್ಟೇ ಇತ್ತು, ಹಳೇ ಮೈಕ್‌ಸೆಟ್ ಮನೆಯವರನ್ನೆಲ್ಲ ಹುಡುಕಿ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿದರು. ಸಂಜೆ ದೀಪ ಹಚ್ಚಿದ ಮೇಲೆ ಯಾರ ಮನೆಯಲ್ಲಿ ಯಾವ ಪ್ಲೇಟು ಓಡುತ್ತಿದೆ ಅಂತ ಎಲ್ಲರೂ ಹೇಳಬೇಕು. ಫೋಟೋ ಹಾಕಬೇಕು, ಹಾಡಿನ ಒಂದು ತುಣುಕನ್ನೂ ಕೇಳಿಸಬೇಕು. ‘ನ್ಯಾಮತಿಯಲ್ಲಿ ಇವತ್ತು ಕೆಂಪು’ ಅಂತ ವಿನಯ್ ಕುಮಾರ್. ‘ಹೊನ್ನಾಳಿಯಲ್ಲಿ ಹಸಿರು’ ಅಂತ ಉಚ್ಚಂಗಮ್ಮ. ನಮ್ಮ ಮದುವೆಯಲ್ಲಿ ಪ್ಲೇಟು ಹಾಕಿದ ಆ ಸ್ನೇಹಿತನ ಹೆಂಡತಿ ಈ ಉಚ್ಚಂಗಮ್ಮ; ಅವರು ತೀರಿಕೊಂಡ ಮೇಲೆ ಪ್ಲೇಟುಗಳನ್ನು ಇವಳೇ ಹಾಕುತ್ತಾಳೆ. ನಮ್ಮನೆಯವರದು ‘ಚನ್ನಗಿರಿಯಲ್ಲಿ ಹಳದಿ’. ಇಷ್ಟಾದ ಮೇಲೆ ಜಗಳೂರಿನಿಂದ ಒಂದು ಬರುತ್ತದೆ. ‘ಜಗಳೂರಿನಲ್ಲಿ ಹಸಿರು. ನಿಮ್ಮ ಹಳದಿ ಕೇಳಿದೆ ಸರ್.’

ಆ ‘ಸರ್’ ಅನ್ನುವವಳ ಹೆಸರು ಯಶೋಧರಾ. ಫೋಟೋದಲ್ಲಿ ಕಿವಿಯ ಪಕ್ಕ ಒಂದು ಕನಕಾಂಬರದ ದಂಡೆ ಇಳಿಬಿಟ್ಟುಕೊಂಡು ನಗುತ್ತಾಳೆ.

ಮೊದಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬೀದಿಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುವುದಕ್ಕಿಂತ ಇದು ವಾಸಿ ಅಂದುಕೊಂಡೆ. ಆದರೆ ಬರುಬರುತ್ತ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಮುಂಚೆ ಈ ಮನುಷ್ಯ ಫೋನಿನಲ್ಲಿ ಮಾತಾಡಿದರೆ ತ್ಯಾವಣಿಗೆಗೂ ಕೇಳಿಸಬೇಕು. ಈಗ ಫೋನ್ ಕಿವಿಗೆ ಹೋಗುವುದೇ ಇಲ್ಲ. ಏನಿದ್ದರೂ ಬೆರಳಲ್ಲಿ ಟಕಟಕ. ದಾವಣಗೆರೆಯಲ್ಲಿರುವ ಮಗಳು ಮೇಘಶ್ರೀ, “ಅಪ್ಪ ಯಾಕಮ್ಮ ನನ್ನ ಫೋನೇ ಎತ್ತಲ್ಲ? ಬರೀ ಮೆಸೇಜ್ ಹಾಕು ಅಂತಾರೆ,” ಅಂತ ದೂರಿದಳು. ಹೆತ್ತ ಮಗಳ ಹತ್ತಿರ ಮಾತಾಡಲು ಪುರಸೊತ್ತಿಲ್ಲ, ಜಗಳೂರಿಗೆ ಟೈಪು ಮಾಡಲು ಇದೆ. ಹೆಂಡತಿಗೆ ಮಾತು ಕೇಳಿಸಬಾರದು ಅಂತಲೇ ಈ ಟಕಟಕ ಅಂತ ನನಗೆ ಹೊಳೆಯಿತು.

ಆಮೇಲೆ ಪಾರ್ಸೆಲ್ಲು. ಹಳೆಯ ಪ್ಲೇಟುಗಳನ್ನು ಅಂಟುವಾಳದ ನೀರಿನಲ್ಲಿ ತೊಳೆದು, ನನ್ನ ಹಳೇ ವಾಯಿಲ್ ಸೀರೆಯ ಚೂರಿನಲ್ಲಿ ಒರೆಸಿ ಒಣಗಿಸುವುದರಲ್ಲಿ ಅವರದು ಎತ್ತಿದ ಕೈ. ಒಂದು ದಿನ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹತ್ತಿರ ತರಕಾರಿ ತರಲು ಹೋದವಳು ನೋಡುತ್ತೇನೆ, ನಮ್ಮನೆಯವರು ರಟ್ಟು ಸುತ್ತಿದ ಕಟ್ಟೊಂದನ್ನು ದಾವಣಗೆರೆ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಏನೋ ಹೇಳುತ್ತಿದ್ದಾರೆ. ಬಸ್ಸು ಹೊರಟ ಮೇಲೂ ಕೈ ಬೀಸುತ್ತಿದ್ದಾರೆ. ಕಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಯಶೋಧರಾ, ಜಗಳೂರು’ ಅಂತ ಬರೆದದ್ದು ರಸ್ತೆಯ ಈಚೆಯಿಂದಲೇ ಕಂಡಿತು. ಮೈಯೆಲ್ಲ ಉರಿದು ಹೋಯಿತು. ಕೊಂಡ ಬದನೆಕಾಯಿ ಅಂಗಡಿಯಲ್ಲೇ ಬಿಟ್ಟು ಬಂದೆ.

ಅವತ್ತು ಸಂಜೆ ಅವರು ಬೀರುವಿನ ಮುಂದೆ ಕೂತು ಪ್ಲೇಟು ಜೋಡಿಸುತ್ತಿದ್ದರು. ಬೆನ್ನ ಹಿಂದೆ ನಿಂತು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

“ಏನ್ರೀ, ಆ ಜಗಳೂರಿನೋಳ ಜೊತೆ ಏನು ವ್ಯವಹಾರ ನಿಮ್ಮದು?”

“ಹೂಂ,” ಅಂದರು. ತಲೆಯನ್ನೂ ತಿರುಗಿಸಲಿಲ್ಲ.

“ಏನ್ ಹೂಂ? ಅವಳು ನಿಮಗೆ ಅಷ್ಟು ಬೇಕಾದೋಳಾ?”

“ಹೌದೌದು,” ಅಂದರು.

ಸುಳ್ಳು ಹೇಳುವ ಗಂಡಸರನ್ನು ಕಂಡಿದ್ದೇನೆ. ಹೀಗೆ ಬೆನ್ನು ಹಾಕಿಕೊಂಡು ನೆಮ್ಮದಿಯಾಗಿ ಒಪ್ಪಿಕೊಳ್ಳುವವರನ್ನು ಕಂಡಿರಲಿಲ್ಲ. ಇನ್ನೊಂದು ಮಾತು ಕೇಳುವ ಧೈರ್ಯ ನನಗೆ ಬರಲಿಲ್ಲ, ನನಗೆ! ಅಡುಗೆಮನೆಗೆ ಹೋಗಿ ಉಚ್ಚಂಗಮ್ಮನಿಗೆ ಫೋನ್ ಹಚ್ಚಿದೆ. ಸುತ್ತಿ ಬಳಸಿ ಜಗಳೂರಿನ ಸುದ್ದಿಗೆ ಬಂದೆ.

“ಯಶೋಧರಾ ಏನ್ರಿ?” ಅಂದಳು ಉಚ್ಚಂಗಮ್ಮ. “ಭಾಳ ಒಳ್ಳೇ ಹುಡುಗಿ. ಪೋಸ್ಟಾಫೀಸಿನಾಗೆ ಕೆಲ್ಸ. ಮದುವೆ ಒಂದು ಆಗಿಲ್ಲ ನೋಡ್ರಿ. ನಿಮ್ಮ ಯಜಮಾನ್ರು ಅಂದ್ರೆ ಆಕಿಗೆ ಭಾಳ ಗೌರವ.”

“ಗೌರವನಾ?”

“ಹೂಂ ಕಣ್ರಿ. ಗ್ರೂಪಿನಾಗೆ ನಾವು ಹಾಕಿದ್ದಕ್ಕೆ ಒಂದು ಕೈಮುಗಿದು ಸುಮ್ನಾಗ್ತಾಳೆ. ಗುರುಸ್ವಾಮಿಯವ್ರು ಹಾಕಿದ್ದನ್ನ ಮಾತ್ರ ಪೂರ್ತಿ ಕೇಳ್ತಾಳೆ.”

ಉಚ್ಚಂಗಮ್ಮ ಗಾಯಕ್ಕೆ ಉಪ್ಪು ಸವರಿ, ಹೊನ್ನಾಳಿಯ ಸೊಳ್ಳೆ ಕಾಟದ ಬಗ್ಗೆ ಇನ್ನೂ ಅಷ್ಟು ಹೊತ್ತು ಹೇಳಿದಳು. ನನಗೆ ಒಂದೂ ತಲೆಗೆ ಹೋಗಲಿಲ್ಲ.

ಮಾರನೆಯ ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ಫೋನ್ ತೆಗೆದೆ. ಮಾಡಬಾರದ ಕೆಲಸ ಅಂತ ಗೊತ್ತು, ಆದರೂ ತೆಗೆದೆ. ಗ್ರೂಪಿನದಲ್ಲದೆ ಜಗಳೂರಿನದೇ ಬೇರೆ ಒಂದು ಸಾಲು ಇತ್ತು. ಉದ್ದಕ್ಕೂ ಹಾಡಿನ ತುಣುಕುಗಳು. ಒತ್ತಿದರೆ ಸದ್ದಾಗುತ್ತದಲ್ಲ, ಬರೆದದ್ದನ್ನಷ್ಟೇ ಓದಿದೆ.

ಅವಳದು: ‘ಸರ್, ಹಳದಿ ಇನ್ನೊಂದು ಸಲ ಕಳಿಸಿ. ಇನ್ನೂ ಸಮಾಧಾನ ಆಗಿಲ್ಲ.’

ಅದರ ಕೆಳಗೆ: ‘ಬಿಳಿ ಮಾತ್ರ ಬೇಡ ಸರ್. ಅಳು ಬರುತ್ತೆ.’

ನಮ್ಮನೆಯವರದು: ‘ಆಯ್ತು. ಹಳದಿ ಸರಿಹೋಗೋ ತನಕ ನನಗೂ ನಿದ್ದೆ ಇಲ್ಲ. ನಮ್ಮ ಮನೆಯವಳಿಗೆ ಮಾತ್ರ ಗೊತ್ತಾಗಬಾರದು.’

ಹಳದಿ ಅಂದರೆ ಧಾರೆ. ಬಿಳಿ ಅಂದರೆ ಹೆಣ್ಣು ಒಪ್ಪಿಸಿ ಕಳಿಸುವುದು. ಬೇರೆ ಯಾವ ಹೆಂಗಸು ಓದಿದ್ದರೂ ಏನೋ ಬಣ್ಣದ ಮಾತು ಅಂತ ಸುಮ್ಮನಾಗುತ್ತಿದ್ದಳೇನೋ. ನಾನು ಮೈಕ್‌ಸೆಟ್ಟಿನವನ ಹೆಂಡತಿ. ಆ ಮಳ್ಳಿಗೆ ಧಾರೆ ಬೇಕಂತೆ, ಕಳಿಸಿಕೊಡುವ ಮಾತು ಬೇಡವಂತೆ, ಇವರಿಗೆ ಧಾರೆಯಾಗುವ ತನಕ ನಿದ್ದೆ ಇಲ್ಲವಂತೆ. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಫೋನನ್ನು ಇದ್ದ ಹಾಗೇ ಇಟ್ಟು ದೇವರ ಗೂಡಿನ ಮುಂದೆ ಕೂತುಬಿಟ್ಟೆ. ಕೈ ಮುಗಿಯಲೂ ಮನಸ್ಸಾಗಲಿಲ್ಲ.

ಬೈಯಬಹುದಿತ್ತು. ಬೀದಿ ಸೇರಿಸಬಹುದಿತ್ತು. ನನ್ನ ಬಾಯಿಗೆ ಹೆದರದವರು ಚನ್ನಗಿರಿಯಲ್ಲಿ ಕಡಿಮೆ. ಆದರೆ ಅವತ್ತು ಮೊದಲ ಸಲ ನನಗೇ ಹೆದರಿಕೆಯಾಯಿತು. ಬೈದರೆ ಇವರು ‘ಹೌದು, ನಿಜ’ ಅಂದುಬಿಟ್ಟರೆ? ಇಷ್ಟು ವರ್ಷ ಕಟ್ಟಿಕೊಂಡು ಬಂದ ಮನೆ ಒಂದು ಮಾತಿಗೆ ಮುಗಿಯುತ್ತದೆ. ಮೊದಲು ಅವಳನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ನಿಜವೇ ಆಗಿದ್ದರೆ ವಾಪಸ್ಸು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಅಲ್ಲಿಂದ ಹಾಗೇ ಮೇಘಶ್ರೀ ಮನೆಗೆ ಹೋಗುವುದು ಅಂತ ತೀರ್ಮಾನ ಮಾಡಿ, ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡೆ.

ಭಾನುವಾರ ಬೆಳಗ್ಗೆ ಅವರ ಎದುರು ನಿಂತು, “ಕತ್ತಲಗೆರೆಗೆ ಹೋಗ್ಬರ್ತೀನಿ. ನಮ್ಮ ಶೈಲಾನ ಮಗಳಿಗೆ ಸೀಮಂತ ಐತೆ,” ಅಂದೆ. ಅವರು ಮತ್ತೆ ಅದೇ ರೀತಿ ನನ್ನ ಮುಖವನ್ನೇ ನೋಡಿದರು. “ಹುಷಾರಾಗಿ ಹೋಗ್ಬಾ,” ಅಂದರು. ಆ ನಯದ ಮಾತಿಗೆ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ತ್ಯಾವಣಿಗೆ ಮೇಲೆ ಹೋಗುವ ಬಸ್ಸು ಹತ್ತಿದೆ. ಕತ್ತಲಗೆರೆ ಬಂತು, ಇಳಿಯಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದೆ. ಜಗಳೂರಿನ ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕೂತು ಅವಳಿಗೆ ಏನೇನು ಹೇಳಬೇಕು ಅಂತ ಮಾತು ಜೋಡಿಸಿದೆ. ಪಕ್ಕದಲ್ಲಿದ್ದ ಹೆಂಗಸು ಎರಡು ಸಲ ನನ್ನ ಕಡೆ ನೋಡಿ, ಆಮೇಲೆ ಹಿಂದಿನ ಸೀಟಿಗೆ ಎದ್ದು ಹೋದಳು. ತುಟಿ ಅಲ್ಲಾಡುತ್ತಿತ್ತೋ ಏನೋ.

ಜಗಳೂರಿನಲ್ಲಿ ಪೋಸ್ಟಾಫೀಸಿನ ಯಶೋಧರಾ ಅಂದರೆ ಆಟೋದವನೇ ಮನೆ ಬಾಗಿಲಿಗೆ ಬಿಟ್ಟ. ಬಾಗಿಲು ತೆಗೆದವಳು ಅವಳೇ. ತಲೆಗೆ ಸ್ನಾನ ಮಾಡಿ ಕೂದಲು ಹರವಿಕೊಂಡಿದ್ದಳು. ಮೇಘಶ್ರೀಗಿಂತ ಸ್ವಲ್ಪ ದೊಡ್ಡವಳು, ಅಷ್ಟೇ.

“ಚನ್ನಗಿರಿ ಗುರುಸ್ವಾಮಿ ಹೆಂಡತಿ ನಾನು,” ಅಂದೆ.

ಮುಖದ ಬಣ್ಣ ಕೆಡುತ್ತದೆ ಅಂದುಕೊಂಡಿದ್ದೆ. ಅವಳ ಮುಖ ಅರಳಿತು. “ಸರ್ ಮನೆಯವ್ರಾ? ಒಳಗೆ ಬರ್ರಿ ಅಮ್ಮ. ಅವ್ವಾ, ಚಾ ಇಡು. ಸರ್ ಬರ್ಲಿಲ್ವಾ?”

ಎಷ್ಟು ಗಟ್ಟಿ ಇರಬೇಕು ನೋಡಿ ಇವಳ ಗುಂಡಿಗೆ ಅಂದುಕೊಂಡು ಒಳಗೆ ಹೋದೆ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್ ಫೋಟೋ. ಅದರ ಕೆಳಗಿನ ಮಂಚದ ಮೇಲೆ ತೆಳ್ಳಗಿನ ಮುದುಕರೊಬ್ಬರು ಗೋಡೆಗೆ ಒರಗಿ ಕೂತಿದ್ದರು. ಎರಡೂ ಕಣ್ಣಿನಲ್ಲಿ ಬಿಳಿ ಪೊರೆ. ಪಕ್ಕದಲ್ಲಿ ಪ್ಲೇಟು ಹಾಕುವ ಪೆಟ್ಟಿಗೆ. ಯಶೋಧರಾ ಕುರ್ಚಿ ಸರಿಸಿಕೊಟ್ಟಳು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಇಷ್ಟೇ.

“ನನ್ನ ಗಂಡಂಗೂ ನಿಂಗೂ ಏನು ಸಂಬಂಧ? ಹಳದಿ ಬೇಕಂತೆ, ಬಿಳಿ ಬ್ಯಾಡಂತೆ. ಎಲ್ಲಾ ಓದೀನಿ ನಾನು. ನಂಗೆ ಚುಕ್ಕೆ ಅರ್ಥ ಆಗಲ್ಲ ಅಂದ್ಕಂಡ್ಯಾ?”

ಯಶೋಧರಾ ಮಂಚದ ಕಡೆ ತಿರುಗಿ ನೋಡಿದಳು. ಒಳಗಿನಿಂದ ಅವಳ ತಾಯಿ ಗಿಡ್ಡಮ್ಮ ಚಹಾ ಸೋಸುವ ಜಾಲರಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಮಂಚದ ಮೇಲಿನ ಮುದುಕರು ಮಾತ್ರ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಎದೆ ಉಜ್ಜಿಕೊಂಡು ಹೇಳಿದರು.

“ಸಂಬಂಧ ನಂದಮ್ಮ. ನಿಮ್ಮ ಯಜಮಾನ್ರ ಜೊತೆ ಓಡಿ ಹೋಗ್ಬೇಕಂದ್ರೆ ನಾನೇ ಹೋಗ್ಬೇಕು. ಹಳದಿ ಕೇಳಿದ್ದೂ ನಾನೇ, ಬಿಳಿ ಬ್ಯಾಡ ಅಂದಿದ್ದೂ ನಾನೇ. ನಂಗೆ ಕಣ್ಣು ಕಾಣಲ್ಲ, ಬರೆಯೋದು ಈಕಿ.”

ಅವರು ಚಿಕ್ಕಹನುಮಂತಪ್ಪ, ಯಶೋಧರಾಳ ತಂದೆ. ಜಗಳೂರಿನ ಕಡೆ ಮೈಕ್‌ಸೆಟ್ ಇಟ್ಟಿದ್ದವರು. ಬಿಳಿ ಯಾಕೆ ಬೇಡ ಅಂತ ನಾನು ಕೇಳುವ ಮೊದಲೇ ಹೇಳಿದರು. “ಆ ಪ್ಲೇಟು ಹಾಕಿದ್ರೆ ಮದುವೆ ಮನೆ ಮಂದಿ ಎಲ್ಲಾ ಕೂಡಿ ಅಳ್ತಿದ್ರು. ಈಗ ಮಂಚದ ಮ್ಯಾಲೆ ನಾನೊಬ್ನೇ ಕುಂತ್ಕಂಡು ಅಳಾಕೆ ಆಗಲ್ಲಮ್ಮ.”

ನನಗೆ ಅರ್ಧ ಉಸಿರು ಬಂತು, ಪೂರ್ತಿ ಬರಲಿಲ್ಲ. ಮುದುಕರ ಹೆಸರು ಹೇಳಿ ಮಗಳು ತಪ್ಪಿಸಿಕೊಳ್ಳುತ್ತಿರಬಾರದೇಕೆ? “ಹಂಗಾದ್ರೆ ಮನೆಯೋಳಿಗೆ ಗೊತ್ತಾಗಬಾರದು ಅಂತ ಯಾಕೆ ಬರೆದ್ರು? ನಿಮ್ಮ ಜೊತೆ ಹಾಡಿನ ಮಾತಾಡೋದ್ರಾಗೆ ಮುಚ್ಚಿಡೋ ಅಂಥದ್ದು ಏನೈತೆ?”

ಚಿಕ್ಕಹನುಮಂತಪ್ಪ ಏನೋ ಹೇಳಲು ಹೋದರು. “ಅಪ್ಪಾ, ಸರ್ ಹೇಳಬ್ಯಾಡ ಅಂದಾರೆ,” ಅಂತ ಯಶೋಧರಾ ತಡೆದಳು. ಆರುತ್ತಿದ್ದ ಬೆಂಕಿ ಮತ್ತೆ ಹತ್ತಿಕೊಂಡಿತು. ಚೀಲವನ್ನು ಮಂಚದ ಕಾಲಿನ ಹತ್ತಿರ ಇಟ್ಟು ಕುರ್ಚಿಯ ಮೇಲೆ ಕೂತೆ.

“ಇದ್ರಾಗೆ ಎರಡು ಸೀರೆ ಐತೆ. ನೀವು ಹೇಳಾಕೆ ಬಾಯಿ ಬಿಡೋ ತನಕ ಇಲ್ಲೇ ಇರ್ತೀನಿ. ಹೇಳಿದ್ದು ಸರಿಯಿಲ್ಲಾಂದ್ರೆ ಮಗಳ ಮನೆಗೆ ಹೋಗ್ತೀನಿ. ಚನ್ನಗಿರಿಗೆ ಮಾತ್ರ ಹೋಗಲ್ಲ.”

ಗಿಡ್ಡಮ್ಮ ಚಹಾ ತಂದು ನನ್ನ ಕೈಗೇ ಕೊಟ್ಟರು. ಆಮೇಲೆ ಮಗಳ ಕಡೆ ತಿರುಗಿ, “ಒಂದು ಸಂಸಾರ ಹಾಳು ಮಾಡೋ ಅಷ್ಟು ದೊಡ್ಡದಾ ನಿಮ್ಮ ಗುಟ್ಟು? ಕೇಳ್ಸು ಆಯಮ್ಮಂಗೆ,” ಅಂದರು.

ಯಶೋಧರಾ ಫೋನ್ ತೆಗೆದು ಒಂದು ತುಣುಕು ಹಾಕಿದಳು. ನಮ್ಮ ಮನೆಯ ಹಳದಿ ಚುಕ್ಕೆಯ ಪ್ಲೇಟು. ವಾದ್ಯ ಶುರುವಾಗಿ, ಹೆಣ್ಣು ದನಿಯೊಂದು ಹಾಡು ಎತ್ತಿಕೊಂಡಿತು. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಸೂಜಿ ಸಿಕ್ಕಿಹಾಕಿಕೊಂಡಿತು. ಒಂದೇ ಮಾತು ಮತ್ತೆ ಮತ್ತೆ, ಮತ್ತೆ ಮತ್ತೆ. ಜೊತೆಗೆ ಕೀಚಲು. ತೊಟ್ಟಿಲ ಕೂಸೂ ಎದ್ದು ಅಳಬೇಕು, ಹಾಗೆ. ನಾನು, “ಸೂಜಿ ಎತ್ತಬಾರದಾ ಈ ಮನುಷ್ಯ,” ಅಂತ ಗೊಣಗಿದೆ. ಯಾರೂ ಎತ್ತಲಿಲ್ಲ. ಅದು ಹಾಗೇ ಕೀಚುತ್ತಿರುವಾಗ ನಮ್ಮನೆಯವರ ದನಿ ಕೇಳಿಸಿತು, ತುಂಬ ಖುಷಿಯಾಗಿ.

“ಯಜಮಾನ್ರೇ, ತೊಳೆದು ಹಾಕೀನಿ. ಈಗ ಸರಿಹೋಗೈತೆ ಅನ್ನಿಸ್ತೈತೆ ನಂಗೆ. ಎಷ್ಟು ಚೆಂದ ಬರ್ತೈತೆ ನೋಡ್ರಿ. ನೀವೊಂದ್ಸಲ ಕೇಳಿ ಹೇಳ್ರಿ.”

ನಾನು ಯಶೋಧರಾಳ ಮುಖ ನೋಡಿದೆ. ಅವಳು ಫೋನನ್ನೇ ನೋಡುತ್ತಿದ್ದಳು. ತುಣುಕು ಇನ್ನೂ ಮುಗಿದಿರಲಿಲ್ಲ. ಕೀಚಲಿನ ಹಿಂದೆ, ದೂರದಿಂದ, ಅಡುಗೆಮನೆಯಿಂದ, ಒಂದು ಹೆಂಗಸಿನ ದನಿ. “ಏನ್ರೀ, ಊಟಕ್ಕೆ ಬರ್ರಿ.” ಇನ್ನೊಂದು ಸಲ. “ಏನ್ರೀ, ಕರೀತಾ ಇದೀನಿ.” ಮೂರನೆಯದು ಬೈಗುಳ. ನನ್ನದೇ ದನಿ. ನಮ್ಮನೆಯವರು ಅಷ್ಟು ಹತ್ತಿರ ಕೂತು, ಓಗೊಡದೆ, “ಏನಂತೀರಿ ಯಜಮಾನ್ರೇ?” ಅಂತ ಜಗಳೂರನ್ನು ಕೇಳುತ್ತಿದ್ದರು.

ಚಹಾದ ಲೋಟ ಕೆಳಗಿಟ್ಟೆ.

“ಯಾವಾಗಿಂದ?” ಅಂದೆ.

“ನಂಗೆ ಗೊತ್ತಾಗಿದ್ದು ಈ ಬ್ಯಾಸಿಗ್ಯಾಗೆ,” ಅಂದರು ಚಿಕ್ಕಹನುಮಂತಪ್ಪ. “ಗ್ರೂಪಿಗೆ ಇಂಥದ್ದೇ ಒಂದು ಕೀಚಲು ಹಾಕಿ, ಚೆನ್ನಾಗೈತಾ ಅಂತ ಕೇಳಿದ್ರು. ಉಳಿದೋರು ಹಾಡು ಯಾರು ಕೇಳ್ತಾರೆ, ಫೋಟೋಕ್ಕೆ ಕೈಮುಗಿದು ಸುಮ್ನಾದ್ರು. ನಾನು ಈಕಿ ಕೈಲಿ ಬ್ಯಾರೆ ಬರೆಸಿ ಕೇಳಿದೆ, ಕಿವಿ ಹೆಂಗೈತೆ ಗುರುಸ್ವಾಮಿ ಅಂತ. ಎರಡು ದಿನ ಉತ್ತರ ಇಲ್ಲ. ಆಮ್ಯಾಲೆ ಒಪ್ಕಂಡ್ರು. ತಬಲ, ಡೋಲು ಗುದ್ದೋದು ಗೊತ್ತಾಗ್ತೈತಂತೆ. ಸಣ್ಣ ದನಿ ಎಲ್ಲಾ ಹೋಗೈತೆ. ನಮ್ಮ ಕಸುಬಿನೋರಿಗೆ ಇದು ಹೊಸದಲ್ಲಮ್ಮ, ಹಾರ್ನ್ ಕೆಳಗೇ ಮಲಗಿ ಎದ್ದೋರು. ನಾನು ಕಿವಿಗೆ ಹತ್ತಿ ತುರುಕ್ಕಂತಿದ್ದೆ, ನಿಮ್ಮ ಯಜಮಾನ್ರು ನೋಡಿ ನಗ್ತಿದ್ರು. ಗಂಡು ದನಿ ಒಂದೀಟು ಉಳೀತೈತೆ. ಹೆಣ್ಣು ದನಿ ಮೊದ್ಲು ಹೋಗ್ತೈತೆ.”

ಹೆಣ್ಣು ದನಿ ಮೊದಲು ಹೋಗುತ್ತದೆ. ನಮ್ಮ ಮನೆಯಲ್ಲಿ ಇರುವುದು ಒಂದೇ ಹೆಣ್ಣು ದನಿ.

“ಅದಕ್ಕೇ ಪ್ಲೇಟು ತೊಳೆದು ತೊಳೆದು ಹಾಡು ನಂಗೆ ಕಳಿಸ್ತಾರೆ,” ಅಂದರು ಮುದುಕರು. “ಎಲ್ಲಿ ಹಾರುತೈತೆ, ಎಲ್ಲಿ ಕೀಚತೈತೆ ನಾನು ಹೇಳ್ತೀನಿ. ಈಕಿ ಬರೀತಾಳೆ. ನನ್ನ ಪ್ಲೇಟೂ ತೊಳೆದು ಬಸ್ಸಿನಾಗೆ ಕಳಿಸಿದ್ರು ಪಾಪ. ಮನೆಯೋಳಿಗೆ ಯಾಕೆ ಹೇಳ್ಬಾರ್ದು ಅಂತ ನಾನೂ ಕೇಳಿದ್ದೆ. ಅದಕ್ಕೆ ಮಾತ್ರ ಏನೂ ಬರೀಲಿಲ್ಲ.”

ನನ್ನ ಮುಖ ನೋಡುತ್ತ ಕೂರುತ್ತಿದ್ದರಲ್ಲ. ನೋಡುತ್ತಿದ್ದದ್ದು ಮುಖವನ್ನಲ್ಲ, ತುಟಿಯನ್ನು. ಫೋನ್ ಎತ್ತದೆ ಇದ್ದದ್ದು ಕದ್ದು ಮಾತಾಡಲಿಕ್ಕಲ್ಲ. ಬೆನ್ನು ಹಾಕಿ ‘ಹೌದೌದು’ ಅಂದದ್ದು ಒಪ್ಪಿಕೊಂಡದ್ದೂ ಅಲ್ಲ. ನಾನು ಏನು ಅಂದೆ ಅಂತಲೇ ಅವರಿಗೆ ಗೊತ್ತಿಲ್ಲ. ಒಬ್ಬೊಬ್ಬರ ಮನೆಯ ಹಾಲು ಉಕ್ಕುವುದನ್ನು ಮೂಸಿಕೊಂಡು ತಿರುಗುತ್ತಿದ್ದ ನನ್ನ ಮೂಗಿಗೆ ಬೆಂಕಿ ಬೀಳಲಿ. ಅವಳೆದುರು, ಆ ಯಶೋಧರಾಳ ಎದುರು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವಳು ಬಂದು ಬೆನ್ನ ಮೇಲೆ ಕೈ ಇಟ್ಟಳು. “ನಾನು ಬಂದ ಮಾತಿಗೆ ಏನೂ ತಿಳ್ಕಬ್ಯಾಡ ಕಣವ್ವ,” ಅಂದೆ. “ಬಿಡ್ರಿ ಅಮ್ಮ,” ಅಂದಳು. ಊಟ ಮಾಡಿಸದೆ ಗಿಡ್ಡಮ್ಮ ಬಿಡಲಿಲ್ಲ.

ಚನ್ನಗಿರಿಗೆ ಬಂದಾಗ ಇನ್ನೂ ಬೆಳಕಿತ್ತು. ಬೀದಿಯ ತುದಿಗೇ ನಮ್ಮ ಮನೆಯ ಹಾಡು ಕೇಳುತ್ತಿತ್ತು. ಬಾಗಿಲು ತೆರೆದೇ ಇತ್ತು. ಅವರು ಬಾಗಿಲಿಗೆ ಬೆನ್ನು ಮಾಡಿ ಪ್ಲೇಟಿನ ಮುಂದೆ ಕೂತಿದ್ದರು, ಅಂಗೈಯನ್ನು ಪೆಟ್ಟಿಗೆಯ ಮೇಲೆ ಊರಿಕೊಂಡು. ನಾನು ಚೀಲ ಹಿಡಿದು ಹಿಂದೆ ನಿಂತೆ. ಕರೆಯಬೇಕು ಅಂತ ಬಾಯಿ ತೆರೆದೆ. ಕರೆದು ಓಗೊಡದೆ ಹೋದರೆ ಅದನ್ನು ಈ ಮನೆಯಲ್ಲೇ ನಿಂತು ನೋಡುವ ಶಕ್ತಿ ನನಗಿರಲಿಲ್ಲ. ಸುತ್ತಿಕೊಂಡು ಎದುರಿಗೆ ಹೋದೆ.

“ಬಂದ್ಯೇನೇ?” ಅಂದರು. “ಸೀಮಂತ ಚೆನ್ನಾಗಾಯ್ತಾ?”

“ಕಿವಿ ಕೇಳ್ಸಲ್ಲ ಅಂತ ಯಾಕೆ ಹೇಳ್ಲಿಲ್ಲ ನಂಗೆ?”

ಅವರು ನನ್ನ ತುಟಿ ನೋಡಿದರು. ಅರ್ಥವಾಯಿತು. ಸೂಜಿ ಎತ್ತಿಟ್ಟರು. ಪ್ಲೇಟು ತಿರುಗುತ್ತಲೇ ಇತ್ತು. ಅದು ನಿಲ್ಲುವ ತನಕ ಅದನ್ನೇ ನೋಡುತ್ತ ಕೂತರು.

“ಚಿಕ್ಕಹನುಮಂತಪ್ಪ ಹೇಳಿದ್ರಾ?”

ತಲೆ ಆಡಿಸಿದೆ.

“ಉಬ್ರಾಣಿಯಾಗೆ, ನಿನ್ನ ತವರಿನಾಗೆ, ನಿಮ್ಮಪ್ಪನ್ನ ನೋಡಿದ್ನಲ್ಲ ನಾನು,” ಅಂದರು. ದನಿ ಎಷ್ಟು ಜೋರಾಗಿದೆ ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ, ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು. “ಅವ್ರಿಗೆ ಕಿವಿ ಹೋತು ಅಂತ ಗೊತ್ತಾದ ಮ್ಯಾಲೆ ನಿಮ್ಮನೇಲಿ ಒಬ್ರೂ ಅವ್ರ ಜೊತೆ ಮಾತಾಡ್ಲಿಲ್ಲ. ಕೆಟ್ಟೋರು ಅಂತಲ್ಲ ನೀವು. ಊಟ ಮುಂದಿಟ್ಟು ಭುಜ ತಟ್ಟಿ ಹೋಗ್ತಿದ್ರಿ. ಕೇಳ್ಸಲ್ವಲ್ಲ, ಏನು ಹೇಳೋದು ಅಂತ. ಹಬ್ಬಕ್ಕೆ ಹೋದಾಗೆಲ್ಲ ನೋಡ್ತಿದ್ದೆ, ಮನೆ ತುಂಬಾ ಮಂದಿ, ಆಯಪ್ಪ ಒಬ್ರೇ ಕಂಬಕ್ಕೆ ಒರಗಿ ಕುಂತಿರ್ತಿದ್ರು.”

ನಾನು ಚೀಲ ಕೆಳಗಿಟ್ಟೆ.

“ನೀನು ದಿನಾ ಬೆಳಗ್ಗೆಯಿಂದ ವಟಗುಡ್ತೀಯಲ್ಲ. ಈಗ ಅರ್ಧ ತಿಳಿಯಲ್ಲ ನಂಗೆ. ಆದ್ರೂ ನೀನು ಬಾಯಿ ಆಡಿಸ್ಕಂಡು ತಿರುಗಾಡ್ತಿದ್ರೆ ಮನೆ ಅನ್ನಿಸ್ತೈತೆ. ಗೊತ್ತಾದ್ರೆ ನೀನೂ ನಿಲ್ಲಿಸಿಬಿಡ್ತೀಯ ಅಂತ ಹೆದ್ರಿಕೆ ಆತು. ಅದಕ್ಕೇ ಹೇಳ್ಲಿಲ್ಲ ಕಣೇ.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಈ ಮನುಷ್ಯನ ಕಣ್ಣಲ್ಲಿ ನೀರು ಕಂಡದ್ದು ನೆನಪಿಲ್ಲ ನನಗೆ, ಮಗಳನ್ನು ಒಪ್ಪಿಸಿಕೊಡುವಾಗಲೂ ಪ್ಲೇಟಿನ ಹಿಂದೆ ಬಗ್ಗಿಕೊಂಡು ಮುಖ ಮರೆಸಿದ್ದರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಟ್ಯೂಬ್‌ಲೈಟು ಹಾಕಿದೆ. ಕುರ್ಚಿ ಎಳೆದು, ಅವರ ಮೊಣಕಾಲಿಗೆ ನನ್ನ ಮೊಣಕಾಲು ತಾಗುವಷ್ಟು ಹತ್ತಿರ, ಬೆಳಕು ನನ್ನ ಬಾಯಿಯ ಮೇಲೆ ಬೀಳುವ ಹಾಗೆ ಕೂತೆ. ಅವರು ಕನ್ನಡಕ ಒರೆಸಿ ಹಾಕಿಕೊಂಡರು.

“ಇವತ್ತು ನಾನು ಕತ್ತಲಗೆರೆಗೆ ಹೋಗಲೇ ಇಲ್ಲ,” ಅಂದೆ, ಒಂದೊಂದು ಮಾತನ್ನೂ ಬಿಡಿಸಿ. “ಯಾಕೆ ಹೋಗ್ಲಿಲ್ಲ ಅಂತ ಕೇಳ್ರಿ. ಕೇಳಿದ್ರೆ ನೀವು ನಂಗೆ ಹೊಡೀತೀರಿ, ಇಲ್ಲಾ ನಗ್ತೀರಿ.”

ಅವರು ಇನ್ನಷ್ಟು ಮುಂದಕ್ಕೆ ಬಾಗಿದರು. ನಾನು ಬಸ್‌ಸ್ಟ್ಯಾಂಡಿನ ಬದನೆಕಾಯಿಯಿಂದ ಶುರು ಮಾಡಿ, ಒಂದೂ ಬಿಡದೆ ಹೇಳತೊಡಗಿದೆ.